ಹಿಂದಿರುಗಿಸಿದ ಫೋಟೊ

ಶಿಕಾರಿಪುರದ ಜಗದಾಂಬ ಕೈಕಟ್ಟಿ ಕೂರುವ ಹೆಂಗಸಲ್ಲ. ಹದಿನೈದು ವರ್ಷ ಮನೆಯ ಪಡಸಾಲೆಯಲ್ಲೇ ಟೈಪಿಂಗ್ ಕಲಿಸಿದಳು. ಕಲಿಯುವವರು ಕಂಪ್ಯೂಟರಿನ ಹಿಂದೆ ಬಿದ್ದಾಗ ಟೈಪ್‌ರೈಟರುಗಳನ್ನೆಲ್ಲ ಸಿಕ್ಕಷ್ಟಕ್ಕೆ ಮಾರಿ ತಾನೂ ಒಂದು ಕಂಪ್ಯೂಟರು ತಂದಳು. ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಿ ಕಲಿತು, ತೊಂಬತ್ತೊಂಬತ್ತರ ಯುಗಾದಿ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಗಂಡು ಹೆಣ್ಣು ಕೂಡಿಸುವ ಪುಟ ತೆರೆದೇಬಿಟ್ಟಳು.

“ಊರಿಗೆಲ್ಲ ಮದುವೆ ಮಾಡಾಕೆ ಹೊಂಟಾಳೆ, ನಮ್ಮನ್ಯಾಗೆ ಸಾರು ಮಾಡೋರಿಲ್ಲ” ಎಂದು ಬಟ್ಟೆ ಅಂಗಡಿಯ ಗುಮಾಸ್ತನಾದ ಗಂಡ ವೀರಬಸಪ್ಪ ನಗಾಡಿದ. ನಗುವವರು ನಗಲಿ. ಮಗಳ ಫೋಟೊವನ್ನು ಮದುವೆ ದಲ್ಲಾಳಿಯ ಚೀಲಕ್ಕೆ ಹಾಕಲು ಅಳುಕುತ್ತಿದ್ದ ತಾಯಂದಿರು ಜಗದಾಂಬಳ ಕೈಗೆ ಧೈರ್ಯವಾಗಿ ಕೊಟ್ಟರು. ಆರು ತಿಂಗಳಲ್ಲಿ ಇಪ್ಪತ್ತಮೂರು ಹುಡುಗಿಯರು ಅವಳ ಪುಟದಲ್ಲಿ ಕುಳಿತಿದ್ದರು.

ಈ ಕಡೆ ಫೋಟೊಗೊಂದು ಕಟ್ಟಳೆ ಇದೆ. ಹುಡುಗಿಗೆ ಎಲ್ಲಾದರೂ ಗಂಡು ಗೊತ್ತಾಯಿತೆಂದರೆ ಕೊಟ್ಟ ಫೋಟೊ ತಾಯಿಮನೆಗೆ ವಾಪಸಾಗಬೇಕು. ಲಕೋಟೆಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆಯ ಮೇಲಿಟ್ಟು ಎರಡೂ ಕೈಯಲ್ಲಿ ಕೊಡಬೇಕು. ಕೊಟ್ಟರೆ ಮುಗಿಯಿತು, ಆ ಹುಡುಗಿಯ ಮುಖ ಇನ್ನು ಯಾರ ಮನೆಯ ಪೆಟ್ಟಿಗೆಯಲ್ಲೂ ಇಲ್ಲ ಎಂದರ್ಥ.

ಸೊರಬದ ಹತ್ತಿರದ ಉಳವಿಯ ಲೋಕಮ್ಮನ ಮಗಳು ಶರಣ್ಯಳಿಗೆ ನೆಂಟರ ಮೂಲಕ ರಾಣೆಬೆನ್ನೂರಿನ ಗಂಡು ಗೊತ್ತಾಯಿತು. ಜಗದಾಂಬ ಬಸ್ಸು ಹತ್ತಿ ಹೋಗಿ ಶಾಸ್ತ್ರೋಕ್ತವಾಗಿ ಫೋಟೊ ಹಿಂದಿರುಗಿಸಿ, ಹೋಳಿಗೆ ಊಟ ಮಾಡಿ ಬಂದಳು. ಪುಟದಿಂದಲೂ ಆ ಫೋಟೊ ತೆಗೆಯಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ. ಬುದ್ಧಿ ಕಡಿಮೆ ಎಂದಲ್ಲ. ಫೋಟೊ ಕೊಟ್ಟಾಗಿತ್ತಲ್ಲ, ಇನ್ನೇನು ತೆಗೆಯುವುದು?

ನಿಶ್ಚಿತಾರ್ಥಕ್ಕೆ ಎರಡು ದಿನವಿದೆ ಎನ್ನುವಾಗ ಲೋಕಮ್ಮ ಮೊದಲ ಬಸ್ಸಿಗೇ ಬಂದು ಬಾಗಿಲಲ್ಲಿ ನಿಂತಳು. ಮುಖ ಸುಣ್ಣದಂತಾಗಿತ್ತು.

“ಜಗದಾಂಬಕ್ಕ, ಗಂಡಿನ ಅಣ್ಣ ದಾವಣಗೆರೆಲಿ ಇಂಟರ್ನೆಟ್ ಅಂಗಡಿಗೆ ಹೋಗಿದ್ರಂತೆ. ಅಲ್ಲಿ ನಮ್ಮ ಶರಣ್ಯನ ಫೋಟೊ ಇತ್ತಂತೆ. ನೀವು ವಾಪಸ್ ಕೊಟ್ಟಿದ್ರಲ್ಲ, ಎರಡು ಫೋಟೊ ಇದ್ವಾ?”

ಪುಟದಲ್ಲಿದ್ದದ್ದು ಹಾಗೇ ಉಳಿದಿದೆಯೆಂದು ಜಗದಾಂಬಳಿಗೆ ಆಗ ಹೊಳೆಯಿತು.

“ಮಾತು ಆಡಿದ ಮೇಲೂ ಹೆಣ್ಣನ್ನ ಪೇಟೇಲಿ ತೋರಿಸ್ತಾ ಇದೀರಲ್ಲ, ಇನ್ನೂ ಒಳ್ಳೆ ಗಂಡು ಹುಡುಕ್ತಾ ಇದೀರಾ ಅಂತ ಕೇಳಿದ್ರು. ಇವತ್ತು ಸಾಯಂಕಾಲ ಐದಕ್ಕೆ ಇನ್ನೊಂದ್ಸಲ ನೋಡ್ತಾರಂತೆ. ಆಗಲೂ ಇದ್ರೆ ನಿಶ್ಚಿತಾರ್ಥಕ್ಕೆ ಅವರು ಬರಲ್ಲ.”

ಜಗದಾಂಬ ಕಂಪ್ಯೂಟರಿನ ಮುಂದೆ ಕುಳಿತಳು. ಇಂಟರ್ನೆಟ್ಟು ಬೇಕೆಂದರೆ ಶಿವಮೊಗ್ಗದ ನಂಬರಿಗೆ ಎಸ್‌ಟಿಡಿ ಹಚ್ಚಬೇಕು. ಹಚ್ಚಿದಳು. ಕೀರಲು ಸದ್ದು ಮಾಡಿ ಕಡಿದುಹೋಯಿತು. ಮತ್ತೆ ಹಚ್ಚಿದಳು, ಲೈನೇ ಸಿಗಲಿಲ್ಲ. ಹನ್ನೊಂದಾಯಿತು. ಹನ್ನೆರಡಕ್ಕೆ ಕರೆಂಟು ಹೋಯಿತು. ಲೋಕಮ್ಮನ ಮುಂದೆ ತಟ್ಟೆ ಇಟ್ಟರೆ ಆಕೆ ಮುಟ್ಟಲಿಲ್ಲ, ಆಕೆ ಮುಟ್ಟದೆ ಜಗದಾಂಬಳಿಗೂ ತುತ್ತು ಇಳಿಯಲಿಲ್ಲ. ಹಾಳು ಕರೆಂಟು ಬಂದದ್ದು ಮೂರರ ಮೇಲೆ. ಒಂಬತ್ತು ಸಲ ಕಡಿದ ಲೈನು ಹತ್ತನೆಯ ಸಲಕ್ಕೆ ನಿಂತಿತು. ಶರಣ್ಯಳ ಹೆಸರು, ಗೋತ್ರ, ಫೋಟೊ ಎಲ್ಲವನ್ನೂ ಅಳಿಸಿದಳು. ಪುಟವನ್ನು ಹೊಸದಾಗಿ ತರಿಸಿ ನೋಡಿದಳು. ಇಪ್ಪತ್ತೆರಡೇ ಹುಡುಗಿಯರು.

“ಹೋಯ್ತು ನೋಡ್ರಿ ಲೋಕಮ್ಮ. ಇನ್ನೂ ನಾಕೂವರೆ.”

ಲೋಕಮ್ಮ ಆಗ ನೀರು ಕುಡಿದಳು. ಐದೂವರೆಗೆ ಫೋನು ಬಂತು. ಗಂಡಿನ ಅಣ್ಣನ ಕೈಗೆ ಲೋಕಮ್ಮನೇ ಈ ನಂಬರು ಕೊಟ್ಟಿದ್ದಳು.

“ಇನ್ನೂ ಐತಲ್ರೀ. ಕಣ್ಣೆದುರಿಗೆ ಐತಿ.”

“ಇಲ್ರೀ ಸ್ವಾಮಿ, ನಾನೇ ಕೈಯಾರೆ ತೆಗೆದೀನಿ” ಎಂದಳು ಜಗದಾಂಬ.

“ಇಟ್ಟಿದ್ದೂ ಅಲ್ದೆ ಸುಳ್ಳು ಬೇರೆ” ಎಂದವರೇ ಅವರು ಫೋನಿಟ್ಟರು.

ಒಮ್ಮೆ ನೋಡಿದ ಪುಟವನ್ನು ಆ ಅಂಗಡಿಯ ಕಂಪ್ಯೂಟರು ತನ್ನಲ್ಲೇ ಇಟ್ಟುಕೊಂಡು ಹಳೆಯದನ್ನೇ ಮತ್ತೆ ತೋರಿಸುತ್ತದೆಂದು ಅವಳಿಗೆ ಗೊತ್ತಾದದ್ದು ಮಾರನೆಯ ದಿನ, ಶಿವಮೊಗ್ಗದಲ್ಲಿ ಕಲಿಸಿದವರನ್ನು ಕೇಳಿದ ಮೇಲೆ. ಅದನ್ನು ಹೇಳಲು ರಾಣೆಬೆನ್ನೂರಿಗೆ ಫೋನು ಮಾಡಿದಳು, ಪತ್ರ ಬರೆದಳು, ಕೊನೆಗೆ ವೀರಬಸಪ್ಪನನ್ನು ಕರೆದುಕೊಂಡು ಹೋಗಿ ಅವರ ಜಗಲಿಯ ಮೇಲೆ ಅರ್ಧ ದಿನ ಕೂತಳು. ನಗಾಡುತ್ತಿದ್ದ ಗಂಡ ಅಂದು ಆ ಮನೆಯ ಹಿರಿಯರಿಗೆ ಕೈಮುಗಿದ. ಅವರು ಕಾಫಿ ಕೊಟ್ಟರು, ಮಾತು ಕೊಡಲಿಲ್ಲ.

ಜಗದಾಂಬ ಊರಿಗೆ ಬಂದು ಪುಟವನ್ನೇ ಅಳಿಸಿಹಾಕಿದಳು. ಉಳಿದ ಇಪ್ಪತ್ತೆರಡು ಫೋಟೊಗಳನ್ನು ಬಸ್ಸಿನಲ್ಲಿ ಊರೂರಿಗೆ ಹೋಗಿ ಹಿಂದಿರುಗಿಸಿದಳು. ಎಲೆ ಅಡಿಕೆ ಹಿಡಿದು ಬಂದವಳನ್ನು ಕಂಡು, ತಮ್ಮ ಮಗಳಿಗೆ ಗಂಡು ಸಿಕ್ಕಿತೆಂದು ಎರಡು ಮನೆಯಲ್ಲಿ ಸಂಭ್ರಮಪಟ್ಟರು. ಅವರಿಗೆ ನಿಜ ಹೇಳುವಾಗ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಂಪ್ಯೂಟರಿನ ಮೇಲೆ ಹಳೆಯ ಸೀರೆ ಬಿತ್ತು.

ದೀಪಾವಳಿ ಕಳೆದು ತಿಂಗಳಾಗಿತ್ತು. ಲೋಕಮ್ಮ ಮತ್ತೆ ಬಂದಳು. ಬೈಯಲಿಕ್ಕೇ ಬಂದಿದ್ದಾಳೆಂದು ಜಗದಾಂಬ ತಲೆ ತಗ್ಗಿಸಿ ನಿಂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲೋಕಮ್ಮ ಸೆರಗಿನೊಳಗಿಂದ ಮಗಳ ಫೋಟೊ ತೆಗೆದು ಮೇಜಿನ ಮೇಲಿಟ್ಟಳು.

“ಇದನ್ನ ಮತ್ತೆ ಹಾಕ್ರಿ ಅಕ್ಕ.”

ಜಗದಾಂಬ ಫೋಟೊವನ್ನು ಆಕೆಯ ಕಡೆಗೇ ಸರಿಸಿದಳು.

“ಸೊರಬದ ಕಡೆಯಿಂದ ಯಾರೂ ಕೇಳ್ಕೊಂಡು ಬರ್ತಿಲ್ಲ. ಶಿಕಾರಿಪುರದ ಕಡೆಯೋರೂ ಇಲ್ಲ. ಯಾಕೆ ಮುರೀತು ಅಂತ ಕೇಳ್ತಾರೆ, ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ. ನಮ್ಮ ಸುದ್ದಿ ಗೊತ್ತಿಲ್ಲದ ದೂರದೋರಿಗಾದ್ರೂ ಕಾಣ್ಲಿ ಅದು.”

“ಯಾವ ಕೈಯಿಂದ ಹಾಕ್ಲಿ ಲೋಕಮ್ಮ?”

“ತೆಗೆದ ಕೈಯಿಂದ್ಲೇ ಹಾಕ್ರಿ. ನಮಗೆ ಇನ್ಯಾರಿದಾರೆ?”

ರಾಣೆಬೆನ್ನೂರಿನ ಜಗಲಿಯ ಮೇಲೂ ಅಳದಿದ್ದ ಜಗದಾಂಬ ಈಗ ಮೇಜಿಗೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಲೋಕಮ್ಮ ಸಮಾಧಾನ ಹೇಳಲಿಲ್ಲ. ಅವಳು ಅತ್ತು ಮುಗಿಸಲಿ ಎಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕಾದು ಕೂತಳು.