ಕಸ್ತೂರಿ ಬಂದ ಸೋಮವಾರ

ನಮ್ಮ ಮೊದಲ ಮಗು ಹುಟ್ಟಿ ವಾರ ತುಂಬುವ ಮೊದಲೇ ತೀರಿಕೊಂಡಿತು. ಅದು 1996ರ ಮಳೆಗಾಲ. ನನ್ನ ಹೆಂಡತಿ ಕಸ್ತೂರಿ ಹೆರಿಗೆಗೆಂದು ಹುಮನಾಬಾದಿನ ತವರುಮನೆಗೆ ಹೋಗಿದ್ದಳು. ನಾನು ಬಸವಕಲ್ಯಾಣದಿಂದ ಮಗುವಿನ ಮುಖ ನೋಡಲು ಹೋದವನು ಮಗುವನ್ನು ಮಣ್ಣು ಮಾಡಿ ಬಂದೆ.

ಭಕ್ತ ಬಂಧುಗಳೇ, ಇದನ್ನು ನಿಮ್ಮ ಮುಂದೆ ಹೇಳಿಕೊಳ್ಳಬೇಕೆಂದು ಬಹಳ ದಿನಗಳಿಂದ ಇತ್ತು. ಕಸ್ತೂರಿಯನ್ನು ಕೇಳಿದೆ. "ಬರೀರಿ. ಆದ್ರ ನನ್ನ ಭಾಳ ಹೊಗಳಬ್ಯಾಡ್ರಿ, ಓದಿದವರು ನಗ್ತಾರ" ಅಂದಳು. ಆದಷ್ಟು ಕಡಿಮೆ ಹೊಗಳುತ್ತೇನೆ.

ಬಸವಕಲ್ಯಾಣದಲ್ಲಿ ನಾನೂ ನಮ್ಮಣ್ಣನೂ ಸೇರಿ ಕಿರಾಣಿ ಅಂಗಡಿ ನಡೆಸುತ್ತೇವೆ. ಕಸ್ತೂರಿ ಮನೆಗೆ ಬಂದ ಹೊಸದರಲ್ಲಿ ಅವಳ ನಗು ಓಣಿಯ ತುದಿಗೆ ಕೇಳುತ್ತಿತ್ತು. ನಮ್ಮವ್ವನೂ ಅವಳೂ ಸಜ್ಜೆ ರೊಟ್ಟಿ ಬಡಿಯುತ್ತ ಏನೇನೋ ಮಾತಾಡಿ ನಗುತ್ತಿದ್ದರು. ಅಂಥವಳು ಮಗು ಹೋದ ಮೇಲೆ ಮಾತು ಬಿಟ್ಟಳು. ಅಳಲೂ ಇಲ್ಲ. ಉಣ್ಣು ಅಂದರೆ ಎರಡು ತುತ್ತು ಉಣ್ಣುವಳು, ಮಲಗು ಅಂದರೆ ಮಲಗುವಳು, ಅಷ್ಟೇ.

ದೀಪಾವಳಿಗೆ ಕರೆತಂದೆವು. ಮಗುವಿಗೆಂದು ನಮ್ಮವ್ವ ಪಡಸಾಲೆಯ ತೊಲೆಗೆ ತೊಟ್ಟಿಲು ಕಟ್ಟಿಸಿದ್ದಳು. ಕಸ್ತೂರಿ ಬರುವ ಮೊದಲೇ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿದ್ದೆವು. ಆದರೆ ತೊಲೆಯಲ್ಲಿ ಕೊಂಡಿಗಳು ಹಾಗೇ ಉಳಿದಿದ್ದವು. ಒಳಗೆ ಬಂದವಳು ಅವುಗಳ ಕೆಳಗೆ ನಿಂತುಬಿಟ್ಟಳು. ನಾಲ್ಕಾರು ದಿನ ಕಳೆದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ, "ನನಗ ಇಲ್ಲಿ ಉಸಿರು ಕಟ್ಟಿದಂಗ ಆಗ್ತದ. ನಮ್ಮಪ್ಪನ ಮನಿಗೆ ಬಿಟ್ಟು ಬರ್ರಿ" ಅಂದಳು. ಬಿಟ್ಟು ಬಂದೆ.

ಗುಲಬರ್ಗಾದ ಡಾಕ್ಟರರಿಗೂ ತೋರಿಸಿದೆವು. ಅವರು ಒಳ್ಳೆಯ ಮನುಷ್ಯರು. ಗುಳಿಗೆ ಬರೆದುಕೊಟ್ಟು, "ಮನಸಿಗೆ ಪೆಟ್ಟು ಬಿದ್ದದ. ಗುಣ ಆಗ್ತದ, ಆದ್ರ ಅವಸರ ಮಾಡಬ್ಯಾಡ್ರಿ" ಅಂದರು. ಎಷ್ಟು ದಿನ ಎಂದು ಕೇಳಿದ್ದಕ್ಕೆ, "ಅದು ನನ್ನ ಕೈಯಾಗ ಇಲ್ರಿ" ಎಂದರು.

ಅಂದಿನಿಂದ ಸೋಮವಾರ ಬಂತೆಂದರೆ ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಹುಮನಾಬಾದಿನ ಬಸ್ಸು ಹತ್ತತೊಡಗಿದೆ. ದಾರಿಯಲ್ಲಿ ರಾಜೇಶ್ವರ ಊರು ದಾಟುವವರೆಗೆ ಸೀಟು ಸಿಗುತ್ತಿರಲಿಲ್ಲ, ನಿಂತೇ ಹೋಗುತ್ತಿದ್ದೆ. ಇಳಿದ ಕೂಡಲೇ ವೀರಭದ್ರ ದೇವರ ಗುಡಿಗೆ ಹೋಗಿ ಕೈಮುಗಿದು, ಅಲ್ಲಿಂದ ಮಾವನ ಮನೆಗೆ. ಕಸ್ತೂರಿ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ನಾನು ಎದುರಿಗೆ ಕೂತು ಅಂಗಡಿಯ ಸುದ್ದಿ ಹೇಳುತ್ತಿದ್ದೆ. ಯಾರೋ ಸಕ್ಕರೆ ಕೇಳಲು ಬಂದು ಉಪ್ಪು ಒಯ್ದದ್ದು, ನೆರೆಯವರ ಜೊತೆ ಅವ್ವನ ಜಗಳ, ಅಣ್ಣನ ಮಕ್ಕಳ ಕಿತಾಪತಿ. ಅವಳು ಕೇಳುತ್ತಿದ್ದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಕೊಹಿನೂರ ಹಳ್ಳಿಯ ಹೊಲದಿಂದ ಬಂದ ಪೇರಲ ಹಣ್ಣನ್ನು ಅವಳ ಮುಂದೆ ಇಟ್ಟು ಬರುತ್ತಿದ್ದೆ. ಮುಂದಿನ ವಾರ ಹೋದಾಗ ಅವಳ ತಾಯಿ, "ಮುಟ್ಟಲಿಲ್ಲಪ್ಪ" ಎಂದು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಮೊದಮೊದಲು ನಾನು ಗಟ್ಟಿಯಾಗಿಯೇ ಇದ್ದೆ. ಸಂಕ್ರಾಂತಿಯ ಹೊತ್ತಿಗೆ ಸರಿಹೋಗುತ್ತಾಳೆ ಅಂದುಕೊಂಡೆ. ಆಗಲಿಲ್ಲ. ಶಿವರಾತ್ರಿಗೆ ಉಪವಾಸ ಮಾಡಿ, ಯುಗಾದಿಯ ಒಳಗೆ ಅವಳು ಮನೆಗೆ ಬರುವಂತೆ ಮಾಡು ತಂದೆ ಎಂದು ಬೇಡಿಕೊಂಡೆ. ಯುಗಾದಿಯೂ ಬಂತು. ಅವ್ವ ಸೊಸೆಗೆಂದು ತಂದಿದ್ದ ಸೀರೆ ಪೆಟ್ಟಿಗೆಯಲ್ಲೇ ಉಳಿಯಿತು.

ಆ ಬೇಸಿಗೆಯಲ್ಲಿ ನಮ್ಮ ಸೋದರಮಾವ ಕೊಹಿನೂರದಿಂದ ಬಂದ. ಊಟ ಮುಗಿಸಿ ಅಡಿಕೆ ಕತ್ತರಿಸುತ್ತ, "ಇನ್ನ ಎಷ್ಟು ದಿನ ಹಿಂಗ ಅಡ್ಡಾಡ್ತಿ? ನಿನಗೂ ವಯಸ್ಸದ, ಬ್ಯಾರೆ ಕಡಿ ನೋಡೋಣು" ಅಂದ.

ನಾನು ಉತ್ತರ ಕೊಡುವ ಮೊದಲೇ ಅವ್ವ ಒಳಗಿನಿಂದ ಬಂದಳು. "ಕೂಸು ಹೋಗಿದ್ದು ಅಕಿ ಒಬ್ಬಾಕಿದಲ್ಲ, ನಮ್ಮ ಮನಿದು. ಅಕಿ ನಮ್ಮ ಸೊಸಿ. ಬರೂತನಕ ಕಾಯ್ತೀವಿ. ಈ ಮಾತು ಇನ್ನೊಮ್ಮಿ ಆಡಬ್ಯಾಡಪ್ಪ" ಎಂದು ತಮ್ಮನ ಮುಂದೆ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು.

ಕೆಲವು ವಾರಗಳ ನಂತರ ಕಸ್ತೂರಿಯ ತಂದೆ, ನಮ್ಮ ಮಾವನವರೂ ಅದೇ ಮಾತು ತೆಗೆದರು. ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದಿದ್ದರು. ಬಸ್ಸು ಬಂತು. "ನೀವು ಬ್ಯಾರೆ ವಿಚಾರ ಮಾಡಿದ್ರ ನಾ ತಪ್ಪು ತಿಳಿಯಾಂಗಿಲ್ರಿ" ಅಂದರು.

"ಮಾಮಾ, ಬರೋ ಸೋಮವಾರ ಬರ್ತೇನ್ರಿ" ಎಂದಷ್ಟೇ ಹೇಳಿ ಹತ್ತಿದೆ.

ಬಾಯಲ್ಲಿ ಹಾಗೆ ಹೇಳಿದೆ. ಒಳಗೆ ಮಾತ್ರ ಎಲ್ಲ ಬರಿದಾಗಿತ್ತು. ಮುಂಜಾನೆ ಲಿಂಗಪೂಜೆಗೆ ಕೂತರೆ ಕೈ ತನ್ನ ಪಾಡಿಗೆ ವಿಭೂತಿ ಹಚ್ಚುತ್ತಿತ್ತು, ಮನಸ್ಸು ಎಲ್ಲೋ ಇರುತ್ತಿತ್ತು. ದೇವರು ಕೇಳಿಸಿಕೊಳ್ಳುತ್ತಿದ್ದಾನೋ ಇಲ್ಲವೋ ಎಂಬ ಸಂಶಯ ಹುಟ್ಟಿತು. ಒಂದು ಸೋಮವಾರ ವೀರಭದ್ರನ ಎದುರು ನಿಂತರೆ ಬೇಡಿಕೊಳ್ಳಲು ಒಂದು ಮಾತೂ ಬರಲಿಲ್ಲ. "ನಿನಗ ಯಾವಾಗ ತಿಳೀತದೋ ಆವಾಗ ಮಾಡು" ಅಂದೆ. ಅದು ಭಕ್ತಿಯಿಂದ ಆಡಿದ ಮಾತಲ್ಲ, ಸೋತು ಆಡಿದ್ದು. ಆದರೂ ಅಂದು ಮೊದಲ ಬಾರಿಗೆ ನಾನು ಅವನಿಗೆ ಗಡುವು ಹಾಕಲಿಲ್ಲ.

ಆಮೇಲೆ ಶ್ರಾವಣ ಮಾಸ ಬಂತು. ಅದರ ಆರಂಭದಲ್ಲೇ ನನಗೆ ಕಾಮಾಲೆಯಾಯಿತು. ಕಣ್ಣು, ಉಗುರು ಎಲ್ಲ ಹಳದಿ. ನೀರು ಕುಡಿದರೂ ವಾಂತಿ. ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಸಲೈನ್ ಹಾಕಿ ಮಲಗಿಸಿದರು. ಶ್ರಾವಣ ಸೋಮವಾರವೇ ಗುಡಿಯೂ ತಪ್ಪಿತು, ಕಸ್ತೂರಿಯ ಮುಖವೂ ತಪ್ಪಿತು. ಹಾಸಿಗೆಯಲ್ಲಿ ಮಲಗಿ, ಕೇಳಿಕೊಂಡದ್ದು ಅವಳು ಗುಣವಾಗಲೆಂದು, ನೀನು ಕೊಟ್ಟದ್ದು ನನಗೆ ರೋಗವೇ ಎಂದು ದೇವರ ಜೊತೆ ಜಗಳ ತೆಗೆದೆ.

ಅಣ್ಣ ಹುಮನಾಬಾದಿನಲ್ಲಿ ಮಾವನ ಪಕ್ಕದ ಮನೆಗೆ ಫೋನ್ ಮಾಡಿ ವಿಷಯ ತಿಳಿಸಿದ್ದ. ಮಗಳು ಹೆದರಿಯಾಳೆಂದು ಮಾವನವರು ಅವಳಿಗೆ ಹೇಳಲಿಲ್ಲ. ಮುಂದೆ ನಡೆದದ್ದನ್ನು ಅವರೇ ನನಗೆ ಹೇಳಿದ್ದು.

ಆ ಸೋಮವಾರ ಕಸ್ತೂರಿ ಗೋಡೆ ಬಿಟ್ಟು ಎದ್ದು ಬಂದು ಹೊಸ್ತಿಲ ಹತ್ತಿರ ಕೂತಳಂತೆ. ಸಂಜೆಯವರೆಗೂ ಏಳಲಿಲ್ಲ. ಏನೂ ಕೇಳಲೂ ಇಲ್ಲ. ಮರುವಾರ ಮತ್ತೆ ಮುಂಜಾನೆಯಿಂದಲೇ ಹೊಸ್ತಿಲಲ್ಲಿ ಕೂತಳು. ನಾನು ಬರುವ ಬಸ್ಸಿನ ಹೊತ್ತು ಮೀರಿತು. ಆಗ ಎದ್ದು ತಂದೆಯ ಮುಂದೆ ಹೋಗಿ ನಿಂತು, "ಅವರು ಯಾಕ ಬರವಲ್ರು?" ಎಂದು ಕೇಳಿದಳು.

ತಿಂಗಳುಗಟ್ಟಲೆ ಅವಳಾಗಿ ಒಂದು ಮಾತು ಆಡಿರಲಿಲ್ಲ. ಮಾವನವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಆರಾಮ ಇಲ್ಲವ್ವ. ದವಾಖಾನಿಗೆ ಹಾಕ್ಯಾರ" ಅಂದರು.

"ಮತ್ತ ನನಗ ಯಾಕ ಹೇಳಲಿಲ್ಲ?" ಅಂದವಳು ಚಪ್ಪಲಿ ಮೆಟ್ಟಿಕೊಂಡಳು. ಸೀರೆ ಬದಲಿಸು ಎಂದು ತಾಯಿ ಹೇಳಿದರೂ ನಿಲ್ಲಲಿಲ್ಲ. ಮಾವನವರು ಟೋಪಿ ಹುಡುಕುವಷ್ಟರಲ್ಲಿ ಅವಳು ಬಸ್ ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಅಷ್ಟು ದಿನಗಳ ಅಳು ಬಂತಂತೆ. ಮಗು ಹೋದಾಗ ಬಾರದ ಅಳು. ಮಾವನವರು ಸಮಾಧಾನ ಮಾಡಲು ಹೋಗಲಿಲ್ಲ. ಅವಳ ಬೆನ್ನ ಮೇಲೆ ಕೈ ಇಟ್ಟು ಅವರೂ ಅತ್ತರಂತೆ.

ಮಧ್ಯಾಹ್ನ ಕಣ್ಣು ತೆರೆದಾಗ ಕಸ್ತೂರಿ ನನ್ನ ಮಂಚದ ಹತ್ತಿರ ನಿಂತಿದ್ದಳು. ಜ್ವರದಲ್ಲಿ ಏನೋ ಕಾಣುತ್ತಿದೆ ಅಂದುಕೊಂಡೆ.

"ಎಷ್ಟು ಒಣಗೀರಿ" ಅಂದಳು. ಪಕ್ಕದಲ್ಲಿದ್ದ ಅವ್ವನ ಕಡೆ ತಿರುಗಿ, "ಅತ್ತಿ, ಇವರಿಗೆ ಗಂಜಿ ಯಾರು ಕುಡಸಾಕತ್ತಾರ?" ಎಂದು ಕೇಳಿದಳು.

ಅವ್ವ ಸೊಸೆಯ ಎರಡೂ ಕೈ ಹಿಡಿದುಕೊಂಡಳು. "ಇನ್ನ ಮ್ಯಾಲ ನೀನ ಕುಡಸವ್ವ" ಅಂದಳು.

ಅದೂ ಶ್ರಾವಣ ಸೋಮವಾರವೇ. ಅವಳು ಹುಮನಾಬಾದಿಗೆ ಮರಳಲಿಲ್ಲ. ನಾನು ಎದ್ದು ಓಡಾಡುವವರೆಗೆ ಎಣ್ಣೆ ಮುಟ್ಟಗೊಡಲಿಲ್ಲ, ಮಿರ್ಚಿ ಭಜಿಯ ವಾಸನೆಗೂ ಬೈಯುತ್ತಿದ್ದಳು. ಆ ಬೈಗುಳ ಕೇಳಲೆಂದು ನಾನು ಬೇಕಂತಲೇ ಭಜಿ ಕೇಳುತ್ತಿದ್ದೆ. ಒಂದೇ ದಿನಕ್ಕೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಂಕು ಕವಿದ ದಿನಗಳು ಆಮೇಲೂ ಇದ್ದವು, ಗುಳಿಗೆಯೂ ಬಹಳ ದಿನ ನಡೆಯಿತು. ಆದರೆ ಮಂಕು ಬಂದ ದಿನ "ಇವತ್ತ ನನಗ ಹಗುರಿಲ್ರಿ" ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ಹೇಳಿದರೆ ಸಾಕಲ್ಲವೇ, ಇಬ್ಬರೂ ಕೂಡಿ ಕೂರಬಹುದು. ಮಗುವನ್ನು ಮಣ್ಣು ಮಾಡಿದ ಜಾಗಕ್ಕೆ ಇಬ್ಬರೂ ಒಟ್ಟಿಗೆ ಹೋಗಿ ಹೂವಿಟ್ಟು ಬಂದೆವು.

ಮತ್ತೆ ಮಗುವಿಗಾಗಿ ಇನ್ನೂ ಕೆಲವು ವರ್ಷ ಕಾದೆವು. ಆಗ ನನಗೆ ಮೊದಲಿನ ಉರಿ ಇರಲಿಲ್ಲ. ಕೊಟ್ಟರೆ ಅವನ ಪ್ರಸಾದ, ಕೊಡದಿದ್ದರೂ ಕಸ್ತೂರಿ ಮನೆಯಲ್ಲಿದ್ದಾಳೆ ಅನ್ನಿಸುತ್ತಿತ್ತು. 2002ರಲ್ಲಿ ಮಗಳು ಹುಟ್ಟಿದಳು. ಅವ್ವ ಮೊಮ್ಮಗಳನ್ನು ಕೆಳಗೆ ಇಳಿಸದೆ ಆಡಿಸಿದಳು. ಈಗ ಮಗಳು ಶಾಲೆಗೆ ಹೋಗುತ್ತಾಳೆ. ಅವಳೂ ತಾಯಿಯಂತೆಯೇ ಗಟ್ಟಿ ದನಿಯವಳು.

ನಾನು ಕೇಳಿದ ಹೊತ್ತಿಗೆ ದೇವರು ಯಾವುದನ್ನೂ ಕೊಡಲಿಲ್ಲ. ಯುಗಾದಿಗೆ ಅವಳನ್ನು ಬಲವಂತವಾಗಿ ಕರೆತಂದಿದ್ದರೆ ಮತ್ತೆ ಆ ಕೊಂಡಿಗಳ ಕೆಳಗೆ ನಿಲ್ಲುತ್ತಿದ್ದಳೇನೋ. ನಾನು ಹಾಸಿಗೆ ಹಿಡಿದದ್ದೇ ಅವಳಿಗೆ ಎದ್ದು ನಿಲ್ಲುವ ಕಾರಣವಾಯಿತು. ನನ್ನ ಬೇಡಿಕೆಗಳಲ್ಲಿ ಕಾಮಾಲೆ ಇರಲೇ ಇಲ್ಲ. ಅವನ ವಿಚಾರ ಬೇರೆಯೇ ಇತ್ತು. ನಿಮ್ಮಲ್ಲಿ ಯಾರಾದರೂ ಈಗ ಕಾಯುತ್ತಿದ್ದರೆ, ಸಂಶಯ ಬಂತೆಂದು ಹೆದರಬೇಡಿ. ನನಗೂ ಬಂದಿತ್ತು. ಆದರೂ ಗುಡಿಯ ದಾರಿ ಬಿಡಬೇಡಿ.

ಇದನ್ನು ಬರೆಯಲು ಕೂತ ದಿನ ಕಸ್ತೂರಿಯನ್ನು ಕೇಳಿದೆ, "ಆ ದಿನಗಳಾಗ ನೀ ದೇವರಿಗೆ ಏನಂತ ಬೇಡ್ಕೋತಿದ್ದಿ?"

ಅವಳು ಅಕ್ಕಿ ಆರಿಸುತ್ತಿದ್ದಳು. "ಏನೂ ಬೇಡ್ಕೊಳಿಲ್ರಿ. ಬೇಡೋವಷ್ಟು ತ್ರಾಣ ಎಲ್ಲಿತ್ತು? ಸೋಮವಾರ ನೀವು ಬರ್ತೀರಿ ಅನ್ನೋದು ಒಂದು ಗೊತ್ತಿತ್ತು. ಅದನ್ನ ಹಿಡಕೊಂಡು ಕುಂತಿದ್ದೆ."

ಇಷ್ಟು ವರ್ಷ, ಕಾದವನು ನಾನೊಬ್ಬನೇ ಎಂದುಕೊಂಡಿದ್ದೆ. ನನ್ನನ್ನು ಆ ಬಸ್ಸಿಗೆ ತಪ್ಪದೆ ಹತ್ತಿಸಿದ ವೀರಭದ್ರನಿಗೆ ಶರಣು.