ಹಿರಣ್ಯಕಶಿಪುವಿಗೇ ಬುದ್ಧಿ ಹೇಳಿದ ನಮ್ಮಣ್ಣ

ನಮ್ಮಣ್ಣ ಪತ್ರ ಬರಹಗಾರ. ಮಾರಾಟ, ಬಾಡಿಗೆ, ಪಾಲು, ಯಾವುದೇ ಪತ್ರವಿರಲಿ, ಅವನು ಹೇಳುತ್ತಿದ್ದ, ನಾನು ಟೈಪ್ ಮಾಡುತ್ತಿದ್ದೆ. ಮಹಡಿ ಮೇಲಿನ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷ ಅವನ ಜಂಬ ಕೇಳಿಸಿಕೊಂಡೇ ನನ್ನ ಹೊಟ್ಟೆಪಾಡು ನಡೆಯಿತು.

ಬಂದವರಿಗೆಲ್ಲ ಮೊದಲು ಹಿರಣ್ಯಕಶಿಪುವಿನ ಕತೆ ಆಗಬೇಕು. ಮನುಷ್ಯನಿಂದಲೂ ಮೃಗದಿಂದಲೂ, ಹಗಲಲ್ಲೂ ರಾತ್ರಿಯಲ್ಲೂ, ಒಳಗೂ ಹೊರಗೂ ಸಾವು ಬರಬಾರದೆಂದು ವರ ಪಡೆದು ಮೂರು ಲೋಕ ನಡುಗಿಸಿದ ಆ ರಾಕ್ಷಸನನ್ನು ನರಸಿಂಹ ಮುಸ್ಸಂಜೆ ಹೊತ್ತಿನಲ್ಲಿ, ಹೊಸ್ತಿಲ ಮೇಲೆ, ಉಗುರಿನಿಂದ ಬಗೆದ. ಇಲ್ಲಿಗೆ ಬಂದಾಗ ಅಣ್ಣ ಕನ್ನಡಕ ತೆಗೆಯುತ್ತಿದ್ದ. "ಪೆದ್ದ. ನನ್ ಹತ್ರ ಬಂದಿದ್ರೆ ಸಂಜೆ, ಹೊಸ್ತಿಲು, ಉಗುರು ಎಲ್ಲಾ ಸೇರ್ಸಿ ಬರ್ಕೊಡ್ತಿದ್ದೆ." ದೇವರ ಕೈಯಲ್ಲಿ ಸತ್ತವನಿಗೂ ಬುದ್ಧಿ ಹೇಳುವ ಮಹಾನುಭಾವ ಇವನು.

ನಮ್ಮ ಕೋಣೆಯ ಬಾಡಿಗೆ ಪತ್ರವನ್ನೂ ಅವನೇ ಬರೆದಿದ್ದ. ಕೆಳಗೆ ವಾಸವಿದ್ದ ಒಡತಿ ಮೂವತ್ತು ವರ್ಷ ಬಿಡಿಸುವಂತಿಲ್ಲ, ಅವಳ ಮಕ್ಕಳು ಮೊಮ್ಮಕ್ಕಳು ಕೇಳುವಂತಿಲ್ಲ. ಗೋಡೆ, ಕಿಟಕಿ, ಸೂರು, ಬಾಗಿಲ ಚಿಲಕ, ಒಂದನ್ನೂ ಬಿಟ್ಟಿರಲಿಲ್ಲ.

"ಮೆಟ್ಟಿಲು?" ಅಂದಿದ್ದೆ.

"ನೀನು ಟೈಪ್ ಮಾಡಮ್ಮ, ಸಾಕು."

ಗಂಡನನ್ನು ಕಳೆದುಕೊಂಡ ಮಗಳು ತವರಿಗೆ ಬಂದಾಗ ಒಡತಿ ಕೋಣೆ ಬಿಟ್ಟುಕೊಡೆಂದು ಅಂಗಲಾಚಿದಳು. ಇವನು ಪತ್ರ ತೆಗೆದು ಜೋರಾಗಿ ಓದಿದ. ಅವಳು ಮೆಟ್ಟಿಲು ಇಳಿದು ಹೋದಳು.

ಸೋಮವಾರ ಬಂದು ನೋಡಿದರೆ ಹೊರಗಿನ ಕಬ್ಬಿಣದ ಮೆಟ್ಟಿಲೇ ಇಲ್ಲ. ಮೇಲೆ ಕೋಣೆ ಇತ್ತು, ಬಾಗಿಲಿಗೆ ಬೀಗ ಇತ್ತು.

"ತುಕ್ಕು ಹಿಡ್ದಿತ್ತಪ್ಪ, ಗುಜರಿಗೆ ಹಾಕ್ದೆ," ಅಂದಳು ಒಡತಿ. "ನಿನ್ ಪತ್ರದಲ್ಲಿ ಮೆಟ್ಟಿಲು ಎಲ್ಲಿದೆ, ತೋರ್ಸು."

ಅಣ್ಣ ಚೀಲದಿಂದ ಪತ್ರ ತೆಗೆದು ಬೀದಿಯಲ್ಲೇ ನಿಂತು ಪುಟ ತಿರುವಿದ. ಮೆಟ್ಟಿಲು ಕೋಣೆಯ ಒಳಗೂ ಅಲ್ಲ, ಬೀದಿಯೂ ಅಲ್ಲ. ಅವನ ಮುಖ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಸೋಲು ಒಪ್ಪುವ ಜಾಯಮಾನವೇ ಅವನದಲ್ಲ. ಏಣಿ ತರಿಸಿ ಹತ್ತಿದ, ಎರಡು ದಿನ ಕಿಟಕಿಯಿಂದ ಕಾನೂನು ಕೂಗಿದ. ಬಂದವರು ಏಣಿ ನೋಡಿ ಎದುರಿನ ಬರಹಗಾರನ ಹತ್ತಿರ ಹೋದರು. ಆತ ನನಗೊಂದು ಮೇಜು ಕೊಡುತ್ತೇನೆಂದ.

ಮೂರನೆಯ ದಿನ ಕೆಳಗಿನಿಂದಲೇ ಕೂಗಿದೆ. "ಅಣ್ಣಾ, ನನ್ ಟೈಪ್‌ರೈಟರ್‌ಗೆ ಹಗ್ಗ ಕಟ್ಟಿ ಇಳ್ಸು."

"ನೀನೂ ಹೋಗ್ತೀಯಾ?"

"ನಮ್ಮನೇಲೂ ಒಲೆ ಉರೀಬೇಕಲ್ಲ."

ಬೈಯುತ್ತಾನೆ ಅಂದುಕೊಂಡಿದ್ದೆ. ಗೋಡೆಗೆ ತಾಗದಂತೆ ಗೇಣು ಗೇಣಾಗಿ ಇಳಿಸಿದ. ಯಂತ್ರ ಕೈಗೆ ಸಿಕ್ಕಿತು.

"ಬಿಡು," ಅಂದೆ.

ಬಿಡಲಿಲ್ಲ, ಹಗ್ಗ ಹಿಡಿದು ಹಾಗೇ ನಿಂತಿದ್ದ. ಗಂಟನ್ನು ನಾನೇ ಬಿಚ್ಚಬೇಕಾಯಿತು.