ಟೀಚರಮ್ಮ ಗಂಡನನ್ನು ಇಲ್ಲೇ ಬಿಟ್ಟು ಹೋದದ್ದು

ಕಳೆದ ವಾರ ಆಫೀಸಿನಿಂದ ಬಂದು ಬಾಗಿಲು ತೆರೆಯುವಾಗ ಮೆಟ್ಟಿಲ ತುಂಬ ಒಂದು ವಾಸನೆ ನಿಂತಿತ್ತು. ವಿನೆಗರಿನಲ್ಲಿ ಬೆಳ್ಳುಳ್ಳಿ, ಕರಿಮೆಣಸು, ಸೋಯಾ ಸಾಸ್ ಎಲ್ಲ ಸೇರಿ ಸಣ್ಣ ಉರಿಯಲ್ಲಿ ಕುದಿಯುವ ವಾಸನೆ. ನಾನು ಮೊದಲು ಮಾಡಿದ ಕೆಲಸವೆಂದರೆ ಒಳಗೆ ಓಡಿ ನಮ್ಮ ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡಿದ್ದು. ವಾಸನೆ ಯಾವುದೇ ಇರಲಿ, ಅದು ಅನಾಹುತದ ಮುನ್ಸೂಚನೆ ಎಂದು ನಂಬಿ ಇಷ್ಟು ವರ್ಷ ಬದುಕಿದವನು ನಾನು. ಎರಡನೆಯ ಸಲ ಉಸಿರೆಳೆದಾಗ ಗೊತ್ತಾಯಿತು... ಇದು ಟೀಚರಮ್ಮನ ಕೋಳಿ.

ಮೇಲಿನ ಮನೆಗೆ ಈಗ ಯಾರೋ ಫಿಲಿಪ್ಪೀನಿ ನರ್ಸುಗಳು ಬಂದಿದ್ದಾರೆ. ಆದರೆ ನನ್ನ ಮಟ್ಟಿಗೆ ಆ ಮನೆ ಇಂದಿಗೂ ಟೀಚರಮ್ಮನದೇ.

ಅವರು ಉಡುಪಿ ಕಡೆಯವರು, ಕನ್ನಡ ಶಾಲೆಯಲ್ಲಿ ಟೀಚರಾಗಿದ್ದವರು. ಗಂಡ ಪ್ರೊಟೆಸ್ಟಂಟ್ ಸಭೆಯ ಪಾದ್ರಿ. ಇಬ್ಬರೂ ನಿವೃತ್ತರಾದ ಮೇಲೆ, ಉಳಿದವರು ಮಂಡಿನೋವಿಗೆ ಎಣ್ಣೆ ಹುಡುಕುವ ವಯಸ್ಸಿನಲ್ಲಿ, ಮಿಷನರಿಗಳಾಗಿ ಒಮಾನಿನ ಸೀಬ್‌ಗೆ ಬಂದರು. ಬಂದದ್ದು ನಮ್ಮವರಿಗಾಗಿ ಅಲ್ಲ, ಇಲ್ಲಿ ದುಡಿಯುವ ಫಿಲಿಪ್ಪೀನಿಯರಿಗಾಗಿ. ಬ್ಯೂಟಿ ಪಾರ್ಲರಿನಲ್ಲಿ ಉಗುರಿಗೆ ಬಣ್ಣ ಹಚ್ಚುವವರು, ಆಸ್ಪತ್ರೆಯಲ್ಲಿ ಪಾಳಿ ಮಾಡುವವರು, ವಿಲ್ಲಾಗಳಲ್ಲಿ ಬೇರೆಯವರ ಮಕ್ಕಳನ್ನು ಎತ್ತಿ ಆಡಿಸುತ್ತಾ ತಮ್ಮ ಮಕ್ಕಳನ್ನು ಫೋನಿನಲ್ಲಿ ಬೆಳೆಸುವವರು. ಶುಕ್ರವಾರ ಚರ್ಚಿನ ಆವರಣದಲ್ಲಿ ಪ್ರಾರ್ಥನೆ. ಉಳಿದ ದಿನಗಳಲ್ಲಿ ಯಾರಿಗೆ ಜ್ವರ, ಯಾರಿಗೆ ರಜೆ ಸಿಗಲಿಲ್ಲ, ಯಾರ ತಾಯಿ ಅತ್ತ ಊರಿನಲ್ಲಿ ತೀರಿಕೊಂಡರು ಎಂದು ಮುದುಕ ಮುದುಕಿ ಒಂದು ಹಳೆಯ ಕಾರಿನಲ್ಲಿ ಓಡಾಡುತ್ತಿದ್ದರು. ನಾನು ಊರಿನ ದೈವಕ್ಕೆ ಹರಕೆ ಹೇಳಿಕೊಂಡು ವಿಮಾನ ಹತ್ತುವ ಜನ. ಆದರೂ ಪಾದ್ರಿಯವರು ಕಾರು ಬಿಡುತ್ತಿದ್ದ ರೀತಿ ಮತ್ತು ಅವರು ಮನೆಗೆ ಜೀವಸಹಿತ ಮರಳುತ್ತಿದ್ದುದನ್ನು ನೋಡಿ ಅವರ ದೇವರ ಮೇಲೂ ನನಗೆ ನಂಬಿಕೆ ಬಂದಿತ್ತು.

ಟೀಚರಮ್ಮನಿಗೆ ಆ ಕೋಳಿ ಮಾಡಲು ಕಲಿಸಿದ ಈ ಹುಡುಗಿಯರು ಅವರಿಬ್ಬರನ್ನು ಅಪ್ಪ, ಅಮ್ಮ ಎಂದು ತಮ್ಮ ಭಾಷೆಯಲ್ಲಿ ಕರೆಯುತ್ತಿದ್ದರು: ತಾತಾಯ್, ನಾನಾಯ್. ಬಂದ ಹೊಸದರಲ್ಲಿ ಟೀಚರಮ್ಮ ಮೆಟ್ಟಿಲಿನಲ್ಲೇ ನನ್ನನ್ನು ನಿಲ್ಲಿಸಿ ಹೇಳಿದ್ದರು: "ಎಂತ ಹೇಳುವುದು ಮಾರಾಯ್ರೆ, ಇವರು ತಾತ ಅಂತೆ, ನಾನು ನಾಯಿ ಅಂತೆ! ಶಾಲೆಯ ಮಕ್ಕಳು ಬೆನ್ನ ಹಿಂದೆ ಹೇಳಿದ್ದನ್ನು ಇವರು ಎದುರಿಗೇ ಹೇಳ್ತಾರೆ."

ನನ್ನದು ಅದಕ್ಕಿಂತ ದೊಡ್ಡ ಎಡವಟ್ಟು. ಒಂದು ದಿನ ಕೆಳಗಿನ ಗೇಟಿನಲ್ಲಿ, ಕೈತುಂಬ ಚೀಲ ಹಿಡಿದಿದ್ದ ಹುಡುಗಿಯೊಬ್ಬಳಿಗೆ ಬಾಗಿಲು ಹಿಡಿದು ನಿಂತೆ. ಅವಳು ನಕ್ಕು "ಸಲಾಮತ್ ಪೋ" ಎಂದಳು. ನಮ್ಮ ತುಳುವಿನಲ್ಲಿ "ಪೋ" ಎಂದರೆ "ಹೋಗು", ಅದೂ ಮರ್ಯಾದೆ ಇಲ್ಲದೆ. ನಾನು ಮುಖ ಸಿಂಡರಿಸಿಕೊಂಡು ನಡೆದುಬಿಟ್ಟೆ. ಸಂಜೆ ಟೀಚರಮ್ಮನ ಹತ್ತಿರ ದೂರು ಕೊಟ್ಟರೆ ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಸಲಾಮತ್ ಅಂದ್ರೆ ಉಪಕಾರ ಆಯ್ತು ಅಂತ. ಪೋ ಅಂದ್ರೆ ಮರ್ಯಾದೆ, ನಮ್ಮ 'ರೀ' ಇದ್ದ ಹಾಗೆ. ನೀವು ನಿಜವಾಗಿ ಹೋದಿರಾ?"

"ಹೋದೆ" ಎಂದೆ. ಬೇರೇನು ಹೇಳಲಿ!

ನವೆಂಬರ್ ಒಂದರ ಸಂಜೆ ಟೆರೇಸಿನಿಂದ ಸುಟ್ಟ ಬತ್ತಿಯ ವಾಸನೆ ಬಂದಾಗ ನಾನು ಬಾತ್‌ರೂಮಿನ ಬಕೆಟ್ ತುಂಬ ನೀರು ಹಿಡಿದುಕೊಂಡು ಮೇಲೆ ಓಡಿದ್ದೆ. ಬೆಂಕಿ ಬಿದ್ದಿರಲಿಲ್ಲ. ನೀರಿನ ಟ್ಯಾಂಕಿನ ಬಳಿ ಚಾಪೆ ಹಾಸಿ ಹತ್ತಾರು ಹೆಂಗಸರು ಕುಳಿತಿದ್ದರು. ನಡುವೆ ಅನ್ನ, ಕೋಳಿ, ಅಕ್ಕಿಯ ಸಿಹಿ, ಗೋಡೆಯುದ್ದಕ್ಕೂ ಮೇಣದಬತ್ತಿಗಳು. ಅವರ ದೇಶದಲ್ಲಿ ಆ ದಿನ ಇಡೀ ಕುಟುಂಬ ತೀರಿಹೋದ ಹಿರಿಯರ ಗೋರಿಯ ಬಳಿ ಹೋಗಿ, ದೀಪ ಹಚ್ಚಿ, ಅಲ್ಲೇ ಉಂಡು, ಹರಟುತ್ತಾ ಹೊತ್ತು ಕಳೆಯುತ್ತದಂತೆ. ಇಲ್ಲಿ ಹೋಗುವುದಾದರೂ ಯಾರ ಗೋರಿಗೆ? ಆ ವರ್ಷ ತಾಯಿಯನ್ನು ಕಳೆದುಕೊಂಡಿದ್ದ ಒಬ್ಬಳು ಹಚ್ಚಿದ ಬತ್ತಿಯನ್ನು ಟ್ಯಾಂಕಿನ ಮೇಲಿಟ್ಟಳು, ತೆಗೆದಳು, ಗೋಡೆಯ ಮೇಲಿಟ್ಟಳು, ಮತ್ತೆ ತೆಗೆದಳು. ಎಲ್ಲಿಟ್ಟರೂ ಅದು ಅಮ್ಮನ ಜಾಗ ಆಗುತ್ತಿರಲಿಲ್ಲ...

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಪಾದ್ರಿಯವರು ಅವಳನ್ನೇ ನೋಡುತ್ತಿದ್ದರು. ಅವರ ಸಭೆಯಲ್ಲಿ ಸತ್ತವರಿಗೆ ದೀಪ ಹಚ್ಚುವ ಕ್ರಮವೇ ಇಲ್ಲ. ಇಳಿದು ಬರುವಾಗ ಅವರು ಹೆಂಡತಿಗೆ ಹೇಳಿದ್ದು ಹಿಂದಿದ್ದ ನನಗೂ ಕೇಳಿಸಿತು.

"ನಾನು ಇಲ್ಲಿ ಸತ್ತರೆ ಊರಿಗೆ ಕಳಿಸಬೇಡ. ಈ ಮಕ್ಕಳಿಗೆ ಹೋಗಲಿಕ್ಕೆ ಒಂದು ಗೋರಿ ಆಗ್ತದೆ."

"ಮೊದಲು ಮೆಟ್ಟಿಲು ನೋಡಿ ಇಳಿಯಿರಿ" ಎಂದರು ಟೀಚರಮ್ಮ.

ಮುಂದಿನ ಬೇಸಿಗೆಯಲ್ಲಿ ಪಾದ್ರಿಯವರು ಬೆಳಗಿನ ಚಹಾ ಕುಡಿಯುತ್ತಾ ಕುಡಿಯುತ್ತಾ ಹೋಗಿಬಿಟ್ಟರು.

ಗಲ್ಫಿನಲ್ಲಿರುವ ನಮಗೆ ಸಾವಿಗಿಂತ ದೊಡ್ಡ ಭಯ ಇನ್ನೊಂದಿದೆ: ಹೆಣ ಊರು ಸೇರದಿದ್ದರೆ? ನಾನು ಈ ವಿಷಯವನ್ನು ಎಷ್ಟು ಸಲ ಎತ್ತಿದ್ದೇನೆಂದರೆ ನನ್ನ ಹೆಂಡತಿ "ನೀವು ಮೊದಲು ಸಾಯಿರಿ, ಆಮೇಲೆ ನೋಡುವ" ಎನ್ನುತ್ತಾಳೆ. ಹಾಗಾಗಿ ಸೊಹಾರ್‌ನ ಕಂಪನಿಯೊಂದರಲ್ಲಿದ್ದ ಪಾದ್ರಿಯವರ ತಮ್ಮ ಓಡಿ ಬಂದು, ನನ್ನನ್ನು ಕೆಳಗೇ ಹಿಡಿದು, "ಅತ್ತಿಗೆ ಇಲ್ಲೇ ಮಣ್ಣು ಮಾಡಬೇಕು ಅಂತ ಹಟ ಹಿಡಿದಿದ್ದಾರಂತೆ. ನೀವು ಸ್ವಲ್ಪ ಬುದ್ಧಿ ಹೇಳಿ" ಎಂದಾಗ, ಸರಿ ಎಂದು ಅವರ ಜೊತೆ ಮೇಲೆ ಹತ್ತಿದೆ. ಬುದ್ಧಿ ಹೇಳುವುದರಲ್ಲಿ ನನಗೆ ಮೊದಲಿನಿಂದಲೂ ಆಸಕ್ತಿ.

ಟೀಚರಮ್ಮ ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದರು.

"ಅತ್ತಿಗೆ, ಅಪ್ಪ ಅಮ್ಮನ ಪಕ್ಕದಲ್ಲಿ ಅಣ್ಣನಿಗೆ ಜಾಗ ಉಂಟು. ಊರವರು ಕೇಳಿದರೆ ಎಂತ ಹೇಳಲಿ ನಾನು?"

"ಅಣ್ಣ ಡ್ಯೂಟಿಯಲ್ಲಿದ್ದಾರೆ ಅಂತ ಹೇಳು."

"ಎಂಥ ಡ್ಯೂಟಿ! ಗೋರಿಗೆ ಮೇಣದಬತ್ತಿ ಹಚ್ಚಬಾರದು ಅಂತ ಜೀವಮಾನವಿಡೀ ಚರ್ಚಿನಲ್ಲಿ ಪ್ರಸಂಗ ಮಾಡಿದವರು. ಈಗ ಅವರ ಗೋರಿಯ ಮೇಲೆ ಇವರೆಲ್ಲ ಬತ್ತಿ ಹಚ್ಚಿ, ಊಟ ಬಡಿಸಿಕೊಂಡು ಕೂತುಕೊಳ್ಳುವುದಾ?"

"ಕೂತುಕೊಳ್ಳಲಿ. ಅವರ ಪ್ರಸಂಗದಿಂದ ಯಾರ ಹೊಟ್ಟೆಯೂ ತುಂಬಿದ್ದು ನಾನು ಕಂಡಿಲ್ಲ."

ತಮ್ಮನ ಕಣ್ಣಲ್ಲಿ ನೀರು ಬಂತು. ಕೆಟ್ಟವರಲ್ಲ ಅವರು, ಅಣ್ಣನನ್ನು ಕಳೆದುಕೊಂಡವರು. ಸ್ವರ ತಗ್ಗಿಸಿ ಕೊನೆಯ ಮಾತು ಆಡಿದರು. "ಇವರೆಲ್ಲ ಕಾಂಟ್ರ್ಯಾಕ್ಟ್ ಮುಗಿದರೆ ಹೋಗುವವರು ಅತ್ತಿಗೆ. ನಿಮ್ಮ ವೀಸಾ ಕೂಡ ಅಣ್ಣನ ಮೇಲೆ, ನೀವೂ ಹೋಗಲೇಬೇಕು. ಮತ್ತೆ ಅಣ್ಣನಿಗೆ ಇಲ್ಲಿ ಯಾರುಂಟು?"

ಟೀಚರಮ್ಮ ಹೇಳಿದರು: "ಎಲ್ಲರೂ ಬಿಟ್ಟು ಹೋಗುವ ಊರು ಇದು. ಒಬ್ಬರಾದರೂ ಉಳಿಯಲಿ."

ತಮ್ಮ ನನ್ನ ಕಡೆ ತಿರುಗಿದರು. "ನೀವಾದರೂ ಹೇಳಿ."

ಟೀಚರಮ್ಮನೂ ತಿರುಗಿದರು. ಹೋಮ್‌ವರ್ಕ್ ಮಾಡದೆ ಬಂದ ಹುಡುಗನನ್ನು ನೋಡುವ ನೋಟ. "ಹಾಂ, ಹೇಳಿ ಅಕೌಂಟೆಂಟ್ರೇ."

ಮೆಟ್ಟಿಲು ಹತ್ತುವಾಗ ನಾನು ಒಳ್ಳೊಳ್ಳೆಯ ಮಾತುಗಳನ್ನು ಜೋಡಿಸಿಕೊಂಡಿದ್ದೆ. ತಾಯ್ನೆಲ, ಹಿರಿಯರು, ವಯಸ್ಸು. ಬಾಯಿ ತೆರೆದಾಗ ಬಂದದ್ದು ಮಾತ್ರ ಬೇರೆ: "ಇಲ್ಲಿ ಮಣ್ಣು ಮಾಡುವುದಾದರೆ ಅರ್ಜಿ ಅರಬಿಯಲ್ಲಿ ಕೊಡಬೇಕಾಗ್ತದೆ. ನಮ್ಮ ಆಫೀಸಿನವರೊಬ್ಬರು ಬರೆದು ಕೊಡ್ತಾರೆ."

ತಮ್ಮ "ಖಲಾಸ್" ಎಂದು ಕುರ್ಚಿಯಲ್ಲಿ ಕುಸಿದು ಕುಳಿತರು. ಮರುದಿನ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವರು ಅವರೇ.

ಕ್ರೈಸ್ತರ ಸ್ಮಶಾನದಲ್ಲಿ ಸುಡುವ ಬಿಸಿಲು. ಹುಡುಗಿಯರು ಯೂನಿಫಾರಂನಲ್ಲೇ ಬಂದಿದ್ದರು. ಅರ್ಧ ತಾಸಿನ ಅನುಮತಿ ಬೇಡಿ ಬಂದವರು. ಒಬ್ಬೊಬ್ಬರೇ ಹೂವು ಹಾಕಿ "ಸಲಾಮತ್ ಪೋ, ತಾತಾಯ್" ಎಂದರು. ಅರ್ಥ ಗೊತ್ತಿದ್ದರೂ ನನ್ನ ತುಳು ಕಿವಿಗೆ ಅದು ಹಿಂದಿಯ ಸಲಾಮತ್ ಜೊತೆ ಸೇರಿ ಬೇರೆಯೇ ಕೇಳಿಸಿತು: ಸುಖವಾಗಿ ಹೋಗು. ಎರಡು ಅರ್ಥವೂ ಅಲ್ಲಿಗೆ ಒಪ್ಪುತ್ತಿತ್ತು.

ಟೀಚರಮ್ಮನ ವೀಸಾ ಮುಗಿಯಿತು. ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ನಾನೇ. ದಾರಿಯುದ್ದಕ್ಕೂ ನನಗೆ ಒಂದೇ ಕೊರಗು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ: "ನಾಳೆ ನಿಮಗೆ ಹೆಚ್ಚು ಕಡಿಮೆ ಆದರೆ ಅವರು ಇಲ್ಲಿ, ನೀವು ಅಲ್ಲಿ ಆಗ್ತೀರಲ್ಲ?"

"ಆಗ್ತೇವೆ" ಎಂದರು. "ಅದು ನನಗೆ ಆ ದಿನವೇ ಗೊತ್ತಿತ್ತು. ನೀವು ರಸ್ತೆ ನೋಡಿ ಕಾರು ಬಿಡಿ."

ಈ ಮಳೆಗಾಲದಲ್ಲಿ ಅವರು ಊರಿನಲ್ಲಿ ತೀರಿಕೊಂಡರು. ಈಗ ಊರಲ್ಲೇ ನೆಲೆಸಿರುವ ಆ ತಮ್ಮನೇ ಫೋನ್ ಮಾಡಿ ತಿಳಿಸಿದರು. "ಅಣ್ಣನ ಜಾಗದಲ್ಲೇ ಅತ್ತಿಗೆಯನ್ನು ಮಲಗಿಸಿದೆವು. ಒಬ್ಬರು ಅಲ್ಲಿ, ಒಬ್ಬರು ಇಲ್ಲಿ. ಆ ಹಟದಿಂದ ಎಂತ ಸಿಕ್ಕಿತು ಹೇಳಿ?"

ಕಳೆದ ವಾರ ಆ ವಾಸನೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ನವೆಂಬರ್ ಒಂದರಂದು ಆಫೀಸಿಗೆ ಸುಳ್ಳು ಹೇಳಿ ಸ್ಮಶಾನಕ್ಕೆ ಹೋದೆ. ಪಾದ್ರಿಯವರ ಗೋರಿಯ ಸುತ್ತ ಏಳೆಂಟು ಹುಡುಗಿಯರು ಚಾಪೆ ಹಾಸಿ ಕುಳಿತಿದ್ದರು. ಒಂದೂ ಪರಿಚಯದ ಮುಖವಲ್ಲ. ನೀವು ಇವರನ್ನು ಕಂಡಿದ್ದಿರಾ ಎಂದು ಕೇಳಿದೆ. ಇಲ್ಲವಂತೆ. ಹಿಂದೆ ಇದ್ದವರು ಊರಿಗೆ ಹೋಗುವಾಗ ಹೊಸಬರಿಗೆ ಈ ಗೋರಿಯನ್ನು ತೋರಿಸಿ ಹೋಗುತ್ತಾರಂತೆ, ಇದು ನಮ್ಮದು ಎಂದು.

"ನೀವು ತಾತಾಯ್‌ಗೆ ಏನಾಗಬೇಕು ಸರ್?" ಎಂದು ಒಬ್ಬಳು ಕೇಳಿದಳು. "ಕೆಳಗಿನ ಮನೆ" ಎಂದೆ. ನಾನಾಯ್ ಕೂಡ ಹೋದರು, ಅವರ ಗೋರಿ ದೂರದಲ್ಲಿದೆ, ಊರಲ್ಲಿ, ಎಂದೂ ಹೇಳಿದೆ. ಆಗಲೇ ನನಗೆ ತಿಳಿದದ್ದು, ಟೀಚರಮ್ಮ ಇಲ್ಲ ಎಂಬ ಮಾತನ್ನು ನಾನು ಅದುವರೆಗೆ ಯಾರ ಎದುರೂ ಬಾಯಿಬಿಟ್ಟು ಆಡಿರಲಿಲ್ಲ...

ಆ ಹುಡುಗಿ ಇನ್ನೊಂದು ಬತ್ತಿ ತೆಗೆದು, ತಾತಾಯ್ ಬತ್ತಿಯ ಪಕ್ಕದಲ್ಲಿ ಹಚ್ಚಿಟ್ಟಳು. ಕಡಲ ಕಡೆಯ ಗಾಳಿ ಜೋರಾಗಿತ್ತು.

"ಗಾಳಿಗೆ ನಿಲ್ಲುವುದಿಲ್ಲ, ಆರಿಹೋಗುತ್ತದೆ" ಎಂದೆ. ನನ್ನ ಬಾಯಿಂದ ಬೇರೇನು ಬಂದೀತು?

"ಆರಿದರೆ ಮತ್ತೆ ಹಚ್ಚುವುದು ಸರ್" ಎಂದಳು.

ಆರಿತು. ಹಚ್ಚಿದಳು. ಮತ್ತೆ ಆರಿತು. ಅವಳು ಮತ್ತೆ ಕಡ್ಡಿ ಗೀರುವಷ್ಟರಲ್ಲಿ ನಾನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ನೆಲಕ್ಕೆ ಕುಳಿತು, ಗಾಳಿ ಬರುವ ದಿಕ್ಕಿಗೆ ಬೆನ್ನು ಕೊಟ್ಟೆ.